ಕೊಂಡ ಆಟ ಯಾರದು?

ಸಂದೇಹಿ: ಕಂಪ್ಯೂಟರಿನಲ್ಲಿ ವಿಡಿಯೊ ಗೇಮ್ ಆಡುವವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ವಿಂಡೋಸ್ ಬಳಸುತ್ತಾರೆ. ಲಿನಕ್ಸ್‌ನಲ್ಲಿ ಆಡುವವರದು ಚಿಕ್ಕ ಗುಂಪು. ಗೇಮ್ ಉದ್ಯಮದ ತಕರಾರುಗಳ ಬಗ್ಗೆ ಆ ಗುಂಪಿನ ಅಭಿಪ್ರಾಯವನ್ನು ಬೇರೆಯಾಗಿ ಕೇಳುವ ಅಗತ್ಯವೇನು?

ಲಿನಕ್ಸಿಗ: ಗುಂಪು ಚಿಕ್ಕದೇ. ಸ್ಟೀಮ್ ಎಂಬ ಗೇಮ್ ಅಂಗಡಿ ತಿಂಗಳಿಗೊಮ್ಮೆ ಪ್ರಕಟಿಸುವ ಸಮೀಕ್ಷೆಯಲ್ಲಿ ಲಿನಕ್ಸ್‌ನ ಪಾಲು ಮೊದಲ ಬಾರಿಗೆ ಶೇ 3 ದಾಟಿದ್ದು 2025ರ ಅಕ್ಟೋಬರಿನಲ್ಲಿ. ಆದರೂ ಈ ಗುಂಪಿಗೆ ಒಂದು ಅನುಕೂಲವಿದೆ. ವಿಂಡೋಸ್ ಬಳಸುವವರು ಆಟ ಕೊಂಡರೆ ಅದು ತಾನಾಗಿ ನಡೆಯುತ್ತದೆ. ಯಾರ ಅನುಮತಿಯ ಮೇಲೆ ನಡೆಯುತ್ತಿದೆ, ಆ ಅನುಮತಿ ಎಷ್ಟು ದಿನದ್ದು ಎಂದು ಯೋಚಿಸುವ ಪ್ರಸಂಗ ಬರುವುದಿಲ್ಲ. ಲಿನಕ್ಸ್ ಬಳಸುವವರಿಗೆ ಆ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ನಿನ್ನೆ ನಡೆದ ಆಟ ಇಂದು ನಿಂತರೆ ಕಾರಣ ಹುಡುಕಬೇಕಾದವರು ಅವರೇ. ಹಾಗೆ ಹುಡುಕುತ್ತ ಹೋದಾಗ ಮೋಸ ತಡೆಯುವ ತಂತ್ರಾಂಶ, ನಕಲು ತಡೆಯುವ ಬೀಗ, ಮುಚ್ಚಿಹೋಗುವ ಸರ್ವರ್, ಕೈ ಬದಲಾಯಿಸುವ ಕಂಪನಿ ಎಲ್ಲವೂ ಒಂದೇ ಪ್ರಶ್ನೆಗೆ ತಂದು ನಿಲ್ಲಿಸುತ್ತವೆ: ದುಡ್ಡು ಕೊಟ್ಟು ಕೊಂಡ ಆಟದ ಮೇಲೆ, ಅದನ್ನು ಆಡುವ ಯಂತ್ರದ ಮೇಲೆ, ಕೊನೆಯ ಮಾತು ಯಾರದು?

ಸಂದೇಹಿ: ಅದಕ್ಕೆ ಮೊದಲು ಒಂದು ವಿಷಯ ತಿಳಿಯಬೇಕು. ವಿಂಡೋಸ್‌ಗೆ ಬರೆದ ಆಟ ಲಿನಕ್ಸ್‌ನಲ್ಲಿ ನೇರವಾಗಿ ನಡೆಯದಿರಲು ಕಾರಣವೇನು?

ಲಿನಕ್ಸಿಗ: ಆಟ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕಡತ ತೆರೆಯುವುದಕ್ಕೆ, ಸದ್ದು ಹೊರಡಿಸುವುದಕ್ಕೆ, ಯಾವ ಕೀಲಿ ಒತ್ತಲಾಗಿದೆ ಎಂದು ತಿಳಿಯುವುದಕ್ಕೆ ಅದು ಕ್ಷಣಕ್ಷಣಕ್ಕೂ ಆಪರೇಟಿಂಗ್ ಸಿಸ್ಟಮ್ಮಿಗೆ ಕೋರಿಕೆ ಸಲ್ಲಿಸುತ್ತದೆ. ಚಿತ್ರ ಬಿಡಿಸುವ ಕೋರಿಕೆಗಳನ್ನು ಬಹುಪಾಲು ಆಟಗಳು ಮೈಕ್ರೋಸಾಫ್ಟ್ ರೂಪಿಸಿದ ಡೈರೆಕ್ಟ್‌ಎಕ್ಸ್ ಎಂಬ ಭಾಷೆಯಲ್ಲಿ ಕಳಿಸುತ್ತವೆ. ಲಿನಕ್ಸ್‌ಗೆ ಆ ಭಾಷೆ ಬಾರದು. ಹಾಗಾಗಿ ಇರುವುದು ಎರಡು ದಾರಿ. ತಯಾರಕರೇ ಲಿನಕ್ಸ್‌ಗಾಗಿ ಆಟವನ್ನು ಮತ್ತೊಮ್ಮೆ ಸಿದ್ಧಪಡಿಸುವುದು ಒಂದು. ಇದಕ್ಕೆ ಪೋರ್ಟ್ ಎನ್ನುತ್ತಾರೆ. ಆಟಕ್ಕೂ ಲಿನಕ್ಸ್‌ಗೂ ನಡುವೆ ದುಭಾಷಿಯೊಂದನ್ನು ಕೂರಿಸುವುದು ಇನ್ನೊಂದು.

ಮೊದಲ ದಾರಿ ಬೇಗ ಸೋತಿತು. 1998ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲೋಕಿ ಸಾಫ್ಟ್‌ವೇರ್ ಪ್ರಸಿದ್ಧ ಆಟಗಳನ್ನು ಲಿನಕ್ಸ್‌ಗೆ ತರುವ ಕೆಲಸವನ್ನೇ ವ್ಯಾಪಾರವಾಗಿ ಹಿಡಿಯಿತು. 2002ರ ಆರಂಭದಲ್ಲಿ ಬಾಗಿಲು ಮುಚ್ಚಿತು. ಎರಡನೆಯ ದಾರಿಯ ಕೆಲಸ ಅದಕ್ಕೂ ಮೊದಲೇ, 1993ರಲ್ಲಿ, ವೈನ್ ಎಂಬ ಯೋಜನೆಯಾಗಿ ಶುರುವಾಗಿತ್ತು. ವೈನ್ ಇಡೀ ವಿಂಡೋಸ್ ಯಂತ್ರವನ್ನು ಅನುಕರಿಸುವುದಿಲ್ಲ. ವಿಂಡೋಸ್‌ಗೆ ಹೋಗಬೇಕಿದ್ದ ಪ್ರತಿ ಕೋರಿಕೆಯನ್ನೂ ನಡುವೆಯೇ ಹಿಡಿದು ಲಿನಕ್ಸ್‌ಗೆ ತಿಳಿಯುವ ಕೋರಿಕೆಯಾಗಿ ಬದಲಿಸಿ ದಾಟಿಸುತ್ತದೆ.

ಸಂದೇಹಿ: ವೈನ್ 1993ರಿಂದ ಇದ್ದರೂ ಲಿನಕ್ಸ್ ಗೇಮಿಂಗ್ ಸುದ್ದಿಯಾದದ್ದು ಈಚೆಗೆ. ನಡುವೆ ಏನಾಯಿತು?

ಲಿನಕ್ಸಿಗ: ಅಂಗಡಿಯವರಿಗೆ ಭಯ ಹುಟ್ಟಿತು. 2012ರಲ್ಲಿ ವಿಂಡೋಸ್ 8 ತನ್ನದೇ ಆ್ಯಪ್ ಅಂಗಡಿಯೊಂದಿಗೆ ಬರುವುದಿತ್ತು. ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಗೇಬ್ ನ್ಯೂವೆಲ್, ಪಿಸಿ ವ್ಯವಹಾರದಲ್ಲಿರುವ ಎಲ್ಲರಿಗೂ ಅದೊಂದು ಅನಾಹುತ ಎಂದು ಬಹಿರಂಗವಾಗಿಯೇ ಹೇಳಿದರು. ತಮ್ಮ ಅಂಗಡಿ ಇರುವ ಜಾಗ ಇನ್ನೊಬ್ಬರದು, ಆ ಇನ್ನೊಬ್ಬರೂ ಅಂಗಡಿ ತೆರೆಯುತ್ತಿದ್ದಾರೆ ಎಂಬುದು ಅಲ್ಲಿನ ಆತಂಕ. 2013ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರಲ್ಲಿ ಸ್ಟೀಮ್ ಮಷೀನ್ ಎಂಬ ಲಿನಕ್ಸ್ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದು ಸೋತವು, ಏಕೆಂದರೆ ಅವುಗಳಲ್ಲಿ ಆಡಲು ಸಾಕಷ್ಟು ಆಟಗಳಿರಲಿಲ್ಲ. ತಯಾರಕರನ್ನು ಒಬ್ಬೊಬ್ಬರಾಗಿ ಒಲಿಸುವುದು ಆಗದ ಕೆಲಸ ಎಂಬ ಪಾಠ ಅಲ್ಲಿ ಸಿಕ್ಕಿತು.

2016ರಲ್ಲಿ ಬಂದ ವಲ್ಕನ್ ಎಂಬ ಮುಕ್ತ ಗ್ರಾಫಿಕ್ಸ್ ಮಾನಕ ಬಾಗಿಲು ತೆರೆಯಿತು. ಡೈರೆಕ್ಟ್‌ಎಕ್ಸ್ ಕೋರಿಕೆಗಳನ್ನು ವಲ್ಕನ್‌ಗೆ ಅನುವಾದಿಸುವ ಡಿಎಕ್ಸ್‌ವಿಕೆ ಎಂಬ ತಂತ್ರಾಂಶವನ್ನು ಫಿಲಿಪ್ ರೆಬೋಲೆ ಬರೆದರು. ವೈನ್ ಮತ್ತು ಡಿಎಕ್ಸ್‌ವಿಕೆಗಳನ್ನು ಒಟ್ಟುಗೂಡಿಸಿ ವಾಲ್ವ್ 2018ರ ಆಗಸ್ಟಿನಲ್ಲಿ ಪ್ರೋಟಾನ್ ಬಿಡುಗಡೆ ಮಾಡಿತು. ಅಲ್ಲಿಂದ ಮುಂದೆ ಆಟಗಾರರು ಹೆಚ್ಚೇನೂ ಹೊಂದಿಸಬೇಕಾಗಿಲ್ಲ. ಸ್ಟೀಮ್‌ನಲ್ಲಿ ಆಟದ ಗುಂಡಿ ಒತ್ತಿದರೆ ದುಭಾಷಿ ಒಳಗೊಳಗೇ ಕೆಲಸ ಮಾಡುತ್ತದೆ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಇದೇ ವ್ಯವಸ್ಥೆಯ ಮೇಲೆ ನಿಂತಿದೆ. ಅದನ್ನು ಕೊಂಡ ಎಷ್ಟೋ ಜನರಿಗೆ ತಾವು ಲಿನಕ್ಸ್ ಬಳಸುತ್ತಿರುವುದು ಲಕ್ಷ್ಯಕ್ಕೂ ಬರುವುದಿಲ್ಲ.

ಸಂದೇಹಿ: ದುಭಾಷಿಯ ಮೂಲಕ ಮಾತಾಡಿದರೆ ತಡವಾಗುತ್ತದೆ. ಆಟದಲ್ಲಿ ಆ ತಡ ಕಾಣುವುದಿಲ್ಲವೇ?

ಲಿನಕ್ಸಿಗ: ಸ್ವಲ್ಪ ಕಾಣಬಹುದು, ಕೆಲವೊಮ್ಮೆ ಕಾಣುವುದೇ ಇಲ್ಲ, ಅಪರೂಪಕ್ಕೆ ದುಭಾಷಿಯೇ ಮೂಲಕ್ಕಿಂತ ನಯವಾಗಿ ಮಾತಾಡುವುದೂ ಉಂಟು. 2022ರಲ್ಲಿ ಬಂದ ಎಲ್ಡನ್ ರಿಂಗ್ ವಿಂಡೋಸ್‌ನಲ್ಲಿ ಆಗಾಗ ತಡವರಿಸುತ್ತಿತ್ತು. ವಾಲ್ವ್ ಎಂಜಿನಿಯರುಗಳು ಆಟವನ್ನು ಮುಟ್ಟದೆ, ಅನುವಾದದ ಪದರದಲ್ಲೇ ತಿದ್ದುಪಡಿ ಮಾಡಿ ಸ್ಟೀಮ್ ಡೆಕ್‌ನಲ್ಲಿ ಆ ತಡವರಿಕೆಯನ್ನು ತಗ್ಗಿಸಿದರು. ಲಿನಕ್ಸ್‌ನ ತಿರುಳಾದ ಕರ್ನಲ್ ಕೂಡ ಈ ಕೆಲಸಕ್ಕೆ ಹೆಗಲು ಕೊಟ್ಟಿದೆ. ಆಟದ ಹಲವು ಎಳೆಗಳು ಒಂದಕ್ಕೊಂದು ಕಾಯುವ ವಿಂಡೋಸ್ ಕ್ರಮಕ್ಕೆ ಹತ್ತಿರದ ಸೌಲಭ್ಯವೊಂದು 5.16ನೇ ಆವೃತ್ತಿಯಲ್ಲಿ ಸೇರಿತು. ಅದೇ ಕ್ರಮವನ್ನು ಕರ್ನಲ್‌ನೊಳಗೇ ಒದಗಿಸುವ ಎನ್‌ಟಿಸಿಂಕ್ 2025ರ 6.14ನೇ ಆವೃತ್ತಿಯಲ್ಲಿ ಬಂತು.

ಸಂದೇಹಿ: ಅನುವಾದ ಇಷ್ಟು ಚೆನ್ನಾದರೆ ಲಿನಕ್ಸ್‌ಗೆಂದೇ ಆಟ ಬರೆಯುವವರು ಯಾರು ಉಳಿಯುತ್ತಾರೆ? ಪ್ರೋಟಾನ್‌ನಿಂದ ಲಿನಕ್ಸ್‌ಗೆ ಉಪಕಾರವಾಯಿತೋ, ವಿಂಡೋಸ್ ಭಾಷೆಯ ಯಜಮಾನಿಕೆ ಗಟ್ಟಿಯಾಯಿತೋ?

ಲಿನಕ್ಸಿಗ: ಈ ವಿಷಯದಲ್ಲಿ ಲಿನಕ್ಸ್ ಆಟಗಾರರಲ್ಲೇ ಎರಡು ಪಕ್ಷಗಳಿವೆ. ಪೋರ್ಟ್ ಬೇಕೆನ್ನುವವರು ಐಬಿಎಂನ ಓಎಸ್/2 ಕಥೆಯನ್ನು ನೆನಪಿಸುತ್ತಾರೆ. ತೊಂಬತ್ತರ ದಶಕದ ಆ ವ್ಯವಸ್ಥೆ ವಿಂಡೋಸ್ ತಂತ್ರಾಂಶಗಳನ್ನೂ ಚೆನ್ನಾಗಿ ನಡೆಸುತ್ತಿತ್ತು. ಅದರಿಂದಲೇ ಓಎಸ್/2ಗೆ ಪ್ರತ್ಯೇಕವಾಗಿ ಬರೆಯುವ ಉತ್ಸಾಹ ತಯಾರಕರಲ್ಲಿ ಕುಗ್ಗಿತು ಎಂಬುದು ಅವರ ವಾದ. ಇನ್ನೊಬ್ಬರ ಭಾಷೆಯನ್ನು ಬೆನ್ನಟ್ಟುವವರು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಇರುತ್ತಾರೆ ಎಂಬ ಮಾತೂ ಅದರಲ್ಲಿ ಸೇರಿದೆ.

ಎದುರು ಪಕ್ಷದವರು ಅನುಭವವನ್ನು ಮುಂದಿಡುತ್ತಾರೆ. ಲಿನಕ್ಸ್ ಕರ್ನಲ್ ಹಳೆಯ ತಂತ್ರಾಂಶವನ್ನು ಕೆಡಿಸಬಾರದೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತದೆ. ಅದರ ಮೇಲಿರುವ ಲೈಬ್ರರಿಗಳಿಗೆ ಆ ಶಿಸ್ತಿಲ್ಲ. ಲೋಕಿ ಕಾಲದ ಪೋರ್ಟ್‌ಗಳನ್ನು ಇಂದಿನ ಲಿನಕ್ಸ್‌ನಲ್ಲಿ ನಡೆಸುವುದು ಹರಸಾಹಸ. ಅದೇ ಆಟಗಳ ವಿಂಡೋಸ್ ಪ್ರತಿಗಳು ವೈನ್‌ನಲ್ಲಿ ಎಷ್ಟೋ ಸಲ ಸಲೀಸಾಗಿ ತೆರೆಯುತ್ತವೆ. ರಾಕೆಟ್ ಲೀಗ್ ಇದಕ್ಕೆ ಸ್ಪಷ್ಟ ನಿದರ್ಶನ. ಅದನ್ನು ತಯಾರಿಸಿದ ಸಯೋನಿಕ್ಸ್ ಕಂಪನಿಯನ್ನು 2019ರಲ್ಲಿ ಎಪಿಕ್ ಗೇಮ್ಸ್ ಕೊಂಡಿತು. 2020ರ ಮಾರ್ಚಿನಲ್ಲಿ ಲಿನಕ್ಸ್ ಮತ್ತು ಮ್ಯಾಕ್ ಆವೃತ್ತಿಗಳ ಆನ್‌ಲೈನ್ ಆಟ ನಿಂತಿತು. ಆ ಎರಡರಲ್ಲೂ ಸೇರಿ ಆಡುವವರು ಶೇ 0.3ಕ್ಕಿಂತ ಕಡಿಮೆ ಎಂಬ ಕಾರಣ ಬಂತು, ಕೇಳಿದವರಿಗೆ ಹಣ ವಾಪಸು ಮಾಡಲಾಯಿತು. ಲಿನಕ್ಸ್ ಆಟಗಾರರು ವಿಂಡೋಸ್ ಪ್ರತಿಯನ್ನು ಪ್ರೋಟಾನ್ ಮೂಲಕ ತೆರೆದು ಆಟ ಮುಂದುವರಿಸಿದರು. ತಯಾರಕರು ಕೊಟ್ಟ ಪೋರ್ಟನ್ನು ಅವರೇ ಹಿಂತೆಗೆಯಬಹುದು, ಸಮುದಾಯ ಕಟ್ಟಿದ ದುಭಾಷಿಯನ್ನು ಹಿಂತೆಗೆಯಲು ಯಾರಿಂದಲೂ ಆಗದು ಎಂಬುದು ಅವರು ಕಲಿತ ಪಾಠ. ಇಂದು ಬಹುಮತ ಇರುವುದು ಈ ಪಕ್ಷಕ್ಕೆ.

ಸಂದೇಹಿ: ಹಾಗಾದರೆ ಎಲ್ಲ ಆಟಗಳೂ ನಡೆಯಬೇಕಿತ್ತು. ಫೋರ್ಟ್‌ನೈಟ್, ವ್ಯಾಲರಂಟ್ ಮೊದಲಾದ ಜನಪ್ರಿಯ ಆಟಗಳು ಲಿನಕ್ಸ್‌ನಲ್ಲಿ ಏಕಿಲ್ಲ?

ಲಿನಕ್ಸಿಗ: ಅಲ್ಲಿ ಅಡ್ಡಿಯಾಗಿರುವುದು ಆ್ಯಂಟಿ-ಚೀಟ್ ಎಂಬ ಮೋಸ ತಡೆಯುವ ತಂತ್ರಾಂಶ. ಗೋಡೆಯಾಚೆಯ ಎದುರಾಳಿಯನ್ನು ತೋರಿಸುವ, ಗುರಿಯನ್ನು ತಾನಾಗಿ ಹಿಡಿಯುವ ಕಳ್ಳ ತಂತ್ರಾಂಶಗಳು ಆನ್‌ಲೈನ್ ಆಟಗಳ ದೊಡ್ಡ ಪಿಡುಗು. ಕಳ್ಳರು ಯಂತ್ರದ ಆಳಕ್ಕೆ ಇಳಿದಂತೆ ಕಾವಲುಗಾರರೂ ಇಳಿದರು. ಈಗ ಅನೇಕ ಆ್ಯಂಟಿ-ಚೀಟ್‌ಗಳು ಕರ್ನಲ್ ಮಟ್ಟದಲ್ಲಿ, ಅಂದರೆ ಯಂತ್ರದ ಎಲ್ಲ ಅಧಿಕಾರ ಕೈಗೆ ಸಿಗುವ ಜಾಗದಲ್ಲಿ, ಕೂರುತ್ತವೆ. ವ್ಯಾಲರಂಟ್‌ನ ವ್ಯಾನ್‌ಗಾರ್ಡ್ ಕಂಪ್ಯೂಟರ್ ಆನ್ ಆಗುವಾಗಲೇ ಎದ್ದು ಕೂರುತ್ತದೆ. 2024ರಲ್ಲಿ ಅದೇ ವ್ಯಾನ್‌ಗಾರ್ಡ್ ಲೀಗ್ ಆಫ್ ಲೆಜೆಂಡ್ಸ್‌ಗೂ ಬಂತು. ಅಲ್ಲಿಯವರೆಗೆ ವೈನ್ ಮೂಲಕ ವರ್ಷಗಟ್ಟಲೆ ಆಡುತ್ತಿದ್ದವರ ಆಟ ಒಂದೇ ದಿನಕ್ಕೆ ನಿಂತುಹೋಯಿತು.

ಎಲ್ಲ ಆ್ಯಂಟಿ-ಚೀಟ್‌ಗಳೂ ಲಿನಕ್ಸ್‌ಗೆ ವಿರೋಧಿಗಳಲ್ಲ. ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಲ್ಲಿ ಪ್ರೋಟಾನ್‌ಗೆ ಬೆಂಬಲ ಘೋಷಿಸಿದವು. ಆದರೆ ಆಯಾ ಆಟದ ತಯಾರಕರು ಒಪ್ಪಿ ಅದನ್ನು ಚಾಲೂ ಮಾಡಬೇಕು. ಈಸಿ ಆ್ಯಂಟಿ-ಚೀಟ್ ಎಪಿಕ್ ಕಂಪನಿಯದೇ ಆಸ್ತಿ, ಫೋರ್ಟ್‌ನೈಟ್ ಕೂಡ ಅದರದೇ. ಆದರೂ ಫೋರ್ಟ್‌ನೈಟ್‌ಗೆ ಆ ಬಾಗಿಲು ತೆರೆಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಸೇರಿತು, ಲಿನಕ್ಸ್ ಹೊರಗುಳಿಯಿತು. ಅದೇ ವರ್ಷದ ಅಕ್ಟೋಬರ್ 31ರಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಲಿನಕ್ಸ್‌ನಲ್ಲಿ ಅಧಿಕೃತವಾಗಿ ನಡೆದಿದ್ದ ಏಪೆಕ್ಸ್ ಲೆಜೆಂಡ್ಸ್ ಕೂಡ ಬಾಗಿಲು ಮುಚ್ಚಿತು.

ಸಂದೇಹಿ: ತಯಾರಕರ ಮಾತಿನಲ್ಲೂ ಹುರುಳಿದೆಯಲ್ಲ. ಲಿನಕ್ಸ್‌ನಲ್ಲಿ ಕರ್ನಲ್ಲನ್ನೇ ತಿದ್ದಿ ಹೊಸದಾಗಿ ಕಟ್ಟಿಕೊಳ್ಳಬಹುದು. ಮನೆಯ ಗೋಡೆಯನ್ನೇ ಸರಿಸಬಲ್ಲವರ ಮನೆಯಲ್ಲಿ ಕಾವಲುಗಾರ ಎಲ್ಲಿ ನಿಲ್ಲಬೇಕು?

ಲಿನಕ್ಸಿಗ: ಹುರುಳಿದೆ, ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಕರ್ನಲ್ ಬಳಕೆದಾರರ ಕೈಯಲ್ಲಿದ್ದರೆ ಮೋಸದ ಸಾಧನವನ್ನು ಅಡಗಿಸುವುದು ಸುಲಭ. ಶೇ 3 ಗಿರಾಕಿಗಳಿಗಾಗಿ ಆ ತಲೆನೋವು ಬೇಡ ಎನ್ನುವುದು ವ್ಯಾಪಾರದ ಲೆಕ್ಕ. ಲಿನಕ್ಸ್ ಆಟಗಾರರ ಆಕ್ಷೇಪ ಇರುವುದು ಆ ಕಾವಲಿನ ಬೆಲೆಯ ಬಗ್ಗೆ. ಕರ್ನಲ್‌ನಲ್ಲಿ ಕೂತ ತಂತ್ರಾಂಶದ ಒಂದು ತಪ್ಪು ಇಡೀ ಯಂತ್ರವನ್ನು ಕೆಡವುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಅದು ಆಟದ ತಂತ್ರಾಂಶವಲ್ಲ, ಆದರೆ ಕೂತಿದ್ದ ಜಾಗ ಅದೇ. ಆಟದ ಲೋಕದಲ್ಲೇ ಬೇಕಾದರೆ ಗೆನ್ಶಿನ್ ಇಂಪ್ಯಾಕ್ಟ್‌ನ ಉದಾಹರಣೆಯಿದೆ. ಅದರ ಆ್ಯಂಟಿ-ಚೀಟ್ ಡ್ರೈವರನ್ನು 2022ರಲ್ಲಿ ರ‍್ಯಾನ್ಸಮ್‌ವೇರ್ ದಾಳಿಕೋರರು ಬೇರೆಯವರ ಕಂಪ್ಯೂಟರಿಗೆ ಒಯ್ದು, ಅಲ್ಲಿನ ವೈರಸ್ ತಡೆಯನ್ನು ನಿಲ್ಲಿಸಲು ಬಳಸಿಕೊಂಡರು. ಆ ಕಂಪ್ಯೂಟರಿನಲ್ಲಿ ಆಟ ಇರಲೇಬೇಕೆಂದಿರಲಿಲ್ಲ.

ಇಷ್ಟು ಬೆಲೆ ತೆತ್ತ ಮೇಲೂ ಕಾವಲು ಪೂರ್ಣವಲ್ಲ. ಕಂಪ್ಯೂಟರಿಗೆ ಒಂದು ಕಾರ್ಡ್ ಸಿಕ್ಕಿಸಿ, ಅದರ ಮೂಲಕ ಇನ್ನೊಂದು ಕಂಪ್ಯೂಟರಿನಿಂದ ಆಟದ ಸ್ಮೃತಿಯನ್ನು ಓದುವ ಮೋಸಗಾರರಿದ್ದಾರೆ. ಅಲ್ಲಿ ಕರ್ನಲ್‌ನ ಕಣ್ಣೂ ಮಂಜು.

ಸಂದೇಹಿ: ಪರ್ಯಾಯವೇನು? ವಾಲ್ವ್‌ನ ಕೌಂಟರ್-ಸ್ಟ್ರೈಕ್ 2 ಕರ್ನಲ್‌ಗೆ ಇಳಿಯದ ಆ್ಯಂಟಿ-ಚೀಟ್ ಬಳಸುತ್ತದೆ, ಲಿನಕ್ಸ್‌ನಲ್ಲೂ ನಡೆಯುತ್ತದೆ. ಅಲ್ಲಿ ಮೋಸಗಾರರ ಹಾವಳಿ ಇದೆ ಎಂಬ ದೂರಿಗೂ ಕೊನೆಯಿಲ್ಲ.

ಲಿನಕ್ಸಿಗ: ಪರ್ಯಾಯ ಪರಿಪೂರ್ಣವಲ್ಲ. ಅದರ ತತ್ವ ಮಾತ್ರ ಸರಿಯಾದ ಕಡೆಯಿಂದ ಹೊರಡುತ್ತದೆ: ಆಟಗಾರರ ಯಂತ್ರವನ್ನು ನಂಬಬೇಡ, ತೀರ್ಮಾನಗಳನ್ನು ಸರ್ವರ್‌ನಲ್ಲೇ ಮಾಡು. ಗೋಡೆಯಾಚೆಯ ಎದುರಾಳಿಯ ಸ್ಥಾನವನ್ನು ಅಗತ್ಯ ಬೀಳುವವರೆಗೆ ಆಟಗಾರರ ಯಂತ್ರಕ್ಕೆ ಕಳಿಸದಿದ್ದರೆ ಕದ್ದು ನೋಡುವುದಕ್ಕೆ ಏನೂ ಇರುವುದಿಲ್ಲ. ಮನುಷ್ಯರಿಂದಾಗದ ಗುರಿ, ಮನುಷ್ಯರಿಗಿಲ್ಲದ ವೇಗ ಆಟದ ದಾಖಲೆಯಲ್ಲೇ ಗುರುತು ಸಿಗುತ್ತವೆ. ಇದಕ್ಕೆ ಸರ್ವರ್ ಖರ್ಚು ಹೆಚ್ಚು. ಕರ್ನಲ್ ಕಾವಲು ಆ ಖರ್ಚನ್ನೂ ಅಪಾಯವನ್ನೂ ಆಟಗಾರರ ಕಡೆಗೆ ದಾಟಿಸುತ್ತದೆ. ಈ ದಾಟಿಸುವಿಕೆ ಲಿನಕ್ಸ್‌ಗಷ್ಟೇ ಸೀಮಿತವಲ್ಲ. 2025ರ ಬ್ಯಾಟಲ್‌ಫೀಲ್ಡ್ 6 ಆಡಬೇಕಾದರೆ ವಿಂಡೋಸ್ ಬಳಸುವವರೂ ಸೆಕ್ಯೂರ್ ಬೂಟ್ ಎಂಬ ಸೌಲಭ್ಯವನ್ನು ಚಾಲೂ ಮಾಡಿಕೊಳ್ಳಲೇಬೇಕು. ಯಂತ್ರ ಹೇಗೆ ಆರಂಭವಾಗಬೇಕು ಎಂಬುದನ್ನೂ ಈಗ ಆಟವೇ ಹೇಳುತ್ತಿದೆ.

ಸಂದೇಹಿ: ಯಂತ್ರದ ಮಾತಾಯಿತು. ಆಟದ ಒಡೆತನದ ಬಗ್ಗೆ ಇಷ್ಟು ಗದ್ದಲ ಏಕೆ? ದುಡ್ಡು ಕೊಟ್ಟವರಿಗೆ ಆಟ ಸಿಗುತ್ತದಲ್ಲ.

ಲಿನಕ್ಸಿಗ: ಸಿಗುವುದು ಆಟವಲ್ಲ, ಆಡುವ ಪರವಾನಗಿ. ಕ್ರಯಪತ್ರವೆಂದು ತಿಳಿದು ಸಹಿ ಹಾಕಿದವರಿಗೆ ಸಿಕ್ಕಿದ್ದು ಬಾಡಿಗೆ ಕರಾರು, ಅದೂ ಅವಧಿ ನಮೂದಿಸದ ಕರಾರು. ಇದನ್ನು ಎಲ್ಲರಿಗೂ ಅರ್ಥ ಮಾಡಿಸಿದ ಪ್ರಕರಣ ಯೂಬಿಸಾಫ್ಟ್‌ನ ದಿ ಕ್ರೂ. 2014ರಲ್ಲಿ ಬಂದ ಈ ಕಾರು ಓಟದ ಆಟವನ್ನು ಒಬ್ಬರೇ ಆಡಿದರೂ ಕಂಪನಿಯ ಸರ್ವರ್ ಜತೆ ಸಂಪರ್ಕ ಇರಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು, ಡಿಸ್ಕ್ ಕೊಂಡವರ ಡಿಸ್ಕೂ ನಿಷ್ಪ್ರಯೋಜಕವಾಯಿತು. ಬಳಿಕ ಪರವಾನಗಿಯನ್ನೇ ಆಟಗಾರರ ಖಾತೆಗಳಿಂದ ತೆಗೆಯಲಾಯಿತು.

ಅದರ ಬೆನ್ನಿಗೇ ರಾಸ್ ಸ್ಕಾಟ್ ಎಂಬ ಯೂಟ್ಯೂಬ್ ನಿರೂಪಕ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಎಂಬ ಚಳವಳಿ ಹೂಡಿದರು. ಸರ್ವರನ್ನು ಎಂದೆಂದಿಗೂ ನಡೆಸಿ ಎಂದು ಅದು ಕೇಳುವುದಿಲ್ಲ. ಬೆಂಬಲ ನಿಲ್ಲಿಸುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎನ್ನುತ್ತದೆ. ಐರೋಪ್ಯ ಒಕ್ಕೂಟದಲ್ಲಿ ನಾಗರಿಕರ ಬೇಡಿಕೆಯನ್ನು ಆಯೋಗ ಪರಿಶೀಲಿಸಬೇಕಾದರೆ ಒಂದು ವರ್ಷದಲ್ಲಿ 10 ಲಕ್ಷ ಸಹಿ ಬೇಕು. ಈ ಬೇಡಿಕೆಗೆ 2025ರ ಜುಲೈ ಅಂತ್ಯದ ಹೊತ್ತಿಗೆ 14 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಸಂದೇಹಿ: ಉದ್ಯಮದವರ ಉತ್ತರವೇನು?

ಲಿನಕ್ಸಿಗ: ಆನ್‌ಲೈನ್ ಆಟದ ವಿನ್ಯಾಸದಲ್ಲೇ ಸರ್ವರ್ ಬೆರೆತಿರುತ್ತದೆ, ಅದನ್ನು ಬೇರ್ಪಡಿಸುವುದು ವಿಪರೀತ ಖರ್ಚು, ಖಾಸಗಿಯವರ ಸರ್ವರ್‌ನಲ್ಲಿ ಆಟಗಾರರ ಸುರಕ್ಷತೆಗೆ ಹೊಣೆ ಯಾರು ಎಂಬುದು ಯುರೋಪಿನ ಉದ್ಯಮ ಸಂಘದ ವಾದ. ಈಗಾಗಲೇ ತಯಾರಾದ ಆಟಗಳಿಗೆ ಈ ವಾದ ಕೊಂಚ ಮಟ್ಟಿಗೆ ಒಪ್ಪುತ್ತದೆ. ಮುಂದೆ ಕಟ್ಟುವ ಆಟಕ್ಕೆ ಒಪ್ಪುವುದಿಲ್ಲ. ಕೊನೆ ಹೇಗಿರಬೇಕೆಂದು ಮೊದಲೇ ಗೊತ್ತಿದ್ದರೆ ವಿನ್ಯಾಸವನ್ನು ಅದಕ್ಕೆ ತಕ್ಕಂತೆ ಮಾಡಬಹುದು. ದಿ ಕ್ರೂ ಆಟವನ್ನೇ ಅಭಿಮಾನಿಗಳ ಗುಂಪೊಂದು ತಮ್ಮದೇ ಸರ್ವರ್ ತಂತ್ರಾಂಶ ಬರೆದು 2025ರಲ್ಲಿ ಮತ್ತೆ ಓಡಿಸಿತು. ಮೂಲ ಕೋಡ್ ಕೈಯಲ್ಲಿಲ್ಲದವರಿಗೆ ಸಾಧ್ಯವಾದದ್ದು ಕೋಡ್ ಇದ್ದವರಿಗೆ ಅಸಾಧ್ಯವಾಗಿರಲಿಲ್ಲ.

ಕಾನೂನು ಮೆಲ್ಲಗೆ ಹೆಜ್ಜೆಯಿಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾಯ್ದೆಯಂತೆ, ಮಾರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟಪಡಿಸದೆ ಡಿಜಿಟಲ್ ಸರಕಿನ ಪಕ್ಕದಲ್ಲಿ ಕೊಳ್ಳಿ ಎಂಬ ಪದ ಹಾಕುವಂತಿಲ್ಲ. ಕಾಯ್ದೆ ಆಟವನ್ನು ಉಳಿಸುವುದಿಲ್ಲ, ಪದವನ್ನು ಸರಿಪಡಿಸುತ್ತದೆ, ಅಷ್ಟೇ. ಆದರೂ ಅದರಲ್ಲೊಂದು ವಿನಾಯಿತಿ ಗಮನಿಸಬೇಕಾದದ್ದು: ಇಂಟರ್ನೆಟ್ ಇಲ್ಲದೆಯೂ ಶಾಶ್ವತವಾಗಿ ಬಳಸುವಂತೆ ಇಳಿಸಿಕೊಳ್ಳಬಹುದಾದ ಸರಕಿಗೆ ಈ ನಿರ್ಬಂಧವಿಲ್ಲ. 2008ರಿಂದ ಬೀಗವಿಲ್ಲದ ಆಟಗಳನ್ನೇ ಮಾರುತ್ತ ಬಂದ ಜಿಒಜಿ ಎಂಬ ಅಂಗಡಿಯ ಕ್ರಮಕ್ಕೆ ಇದು ಹೊಂದುತ್ತದೆ.

ಸಂದೇಹಿ: ಬೀಗ ಎಂದರೆ ನಕಲು ತಡೆ. ಕಳ್ಳ ಪ್ರತಿಗಳಿಂದ ತಯಾರಕರಿಗೆ ನಷ್ಟವಾಗುವುದು ಸುಳ್ಳಲ್ಲ. ಬೀಗ ಹಾಕುವುದು ತಪ್ಪೇ?

ಲಿನಕ್ಸಿಗ: ಬಿಡುಗಡೆಯಾದ ಮೊದಲ ವಾರಗಳಲ್ಲೇ ಹೆಚ್ಚು ಪ್ರತಿಗಳು ಮಾರಾಟವಾಗುವುದರಿಂದ ಆ ಹೊತ್ತಿಗೆ ಬೀಗ ಹಾಕುವ ಲೆಕ್ಕಾಚಾರ ಅರ್ಥವಾಗುತ್ತದೆ. ತೊಂದರೆಯಾಗುವುದು ಬೀಗ ಪ್ರಾಮಾಣಿಕರನ್ನೇ ಅನುಮಾನಿಸಿದಾಗ. ಡೆನುವೋ ಎಂಬ ನಕಲು ತಡೆ ಆಟ ಎಷ್ಟು ಯಂತ್ರಗಳಲ್ಲಿ ತೆರೆಯಿತೆಂದು ಲೆಕ್ಕವಿಡುತ್ತದೆ. ಲಿನಕ್ಸ್‌ನಲ್ಲಿ ಪ್ರೋಟಾನ್‌ನ ಆವೃತ್ತಿ ಬದಲಿಸಿದರೆ ಅದನ್ನು ಹೊಸ ಯಂತ್ರವೆಂದೇ ಎಣಿಸುವುದುಂಟು. ಯಾವ ಆವೃತ್ತಿಯಲ್ಲಿ ಆಟ ಚೆನ್ನಾಗಿ ನಡೆಯುತ್ತದೆಂದು ನಾಲ್ಕೈದು ಬಾರಿ ಪರೀಕ್ಷಿಸಿದವರು, ಕೊಂಡ ಆಟದ ಹೊರಗೆ ಒಂದು ದಿನ ಕಾಯಬೇಕಾಗುತ್ತದೆ. ಕಳ್ಳ ಪ್ರತಿ ತಂದವರಿಗೆ ಈ ಕಾಟವಿಲ್ಲ.

ಕಡ್ಡಾಯ ಖಾತೆಗಳೂ ಇದೇ ಬಗೆಯವು. 2024ರ ಮೇ ತಿಂಗಳಲ್ಲಿ ಸೋನಿ, ಹೆಲ್‌ಡೈವರ್ಸ್ 2 ಆಡುವ ಪಿಸಿ ಆಟಗಾರರಿಗೆ ಪ್ಲೇಸ್ಟೇಷನ್ ಖಾತೆ ಕಡ್ಡಾಯ ಮಾಡಲು ಹೊರಟಿತು. ಆ ಖಾತೆಯ ಸೇವೆಯೇ ಇಲ್ಲದ ನೂರಕ್ಕೂ ಹೆಚ್ಚು ದೇಶಗಳಿದ್ದವು. ಅಲ್ಲಿನ ಜನ ಆಟವನ್ನು ಆಗಲೇ ಕೊಂಡು ಆಡುತ್ತಿದ್ದರು. ಪ್ರತಿಭಟನೆ ಎಷ್ಟು ಜೋರಾಯಿತೆಂದರೆ ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು.

ಸಂದೇಹಿ: ಉದ್ಯಮದ ಇನ್ನೊಂದು ದೊಡ್ಡ ಸುದ್ದಿ ಕೆಲಸ ಕಡಿತ ಮತ್ತು ಕಂಪನಿಗಳ ವಿಲೀನ. ಲಿನಕ್ಸ್‌ಗೂ ಅದಕ್ಕೂ ಏನು ಸಂಬಂಧ?

ಲಿನಕ್ಸಿಗ: ಒಡೆತನ ಕೈ ಬದಲಾಯಿಸಿದಾಗ ಮೊದಲು ಕತ್ತರಿ ಬೀಳುವುದು ಅಂಚಿನಲ್ಲಿರುವವರ ಮೇಲೆ, ರಾಕೆಟ್ ಲೀಗ್‌ನಲ್ಲಿ ಕಂಡದ್ದು ಅದೇ. ದೊಡ್ಡ ಚಿತ್ರ ಇನ್ನೂ ಕಠೋರ. ಮೈಕ್ರೋಸಾಫ್ಟ್ 2023ರ ಅಕ್ಟೋಬರಿನಲ್ಲಿ 6,870 ಕೋಟಿ ಡಾಲರ್ ಕೊಟ್ಟು ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕೊಂಡಿತು. ಮುಂದಿನ ಜನವರಿಯಲ್ಲಿ ತನ್ನ ಗೇಮ್ ವಿಭಾಗದ 1,900 ಮಂದಿಯನ್ನು ಮನೆಗೆ ಕಳಿಸಿತು. ಮೇ ತಿಂಗಳಲ್ಲಿ, ಹೈ-ಫೈ ರಷ್ ಆಟದಿಂದ ಮೆಚ್ಚುಗೆ ಗಳಿಸಿದ್ದ ಟ್ಯಾಂಗೊ ಗೇಮ್‌ವರ್ಕ್ಸ್ ಮುಚ್ಚುವ ನಿರ್ಧಾರ ಪ್ರಕಟಿಸಿತು. ಸೋನಿಯ ಕಾನ್‌ಕಾರ್ಡ್ ಎಂಬ ಆಟ 2024ರ ಆಗಸ್ಟ್ 23ರಂದು ಬಿಡುಗಡೆಯಾಗಿ ಸೆಪ್ಟೆಂಬರ್ 6ರಂದು ಕಾಣೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯನ್ನೊಳಗೊಂಡ ಕೂಟ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯನ್ನು 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಪ್ರಕಟವಾಯಿತು. ವರ್ಷಗಟ್ಟಲೆ ನೂರಾರು ಜನ ದುಡಿಯಬೇಕಾದ ಆಟಗಳಿಗೆ ಬಂಡವಾಳ ಬೆಳೆಯುತ್ತದೆ, ಬಂಡವಾಳ ಬೆಳೆದಂತೆ ಸೋಲುವ ಧೈರ್ಯ ಕುಗ್ಗುತ್ತದೆ. ಆಗ ಎಲ್ಲರೂ ವರ್ಷಾನುಗಟ್ಟಲೆ ಹಣ ತರುವ ಆನ್‌ಲೈನ್ ಆಟದ ಬೆನ್ನು ಹತ್ತುತ್ತಾರೆ. ಅಂಥ ಆಟಕ್ಕೆ ಸದಾ ಸರ್ವರ್ ಬೇಕು, ಆ್ಯಂಟಿ-ಚೀಟ್ ಬೇಕು, ಖಾತೆ ಬೇಕು. ಹಿಂದೆ ಬಂದ ತಕರಾರುಗಳೆಲ್ಲ ಹುಟ್ಟುವುದು ಈ ಹಣದ ಲೆಕ್ಕದಿಂದಲೇ.

ತಯಾರಕರೂ ಒಂದು ಕಡೆ ಬಾಡಿಗೆದಾರರೇ ಎಂಬುದು 2023ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಸಾವಿರಾರು ಆಟಗಳಿಗೆ ಅಡಿಪಾಯವಾಗಿರುವ ಯೂನಿಟಿ ಎಂಜಿನ್, ಒಂದು ಮಿತಿ ದಾಟಿದ ಆಟ ಇನ್‌ಸ್ಟಾಲ್ ಆದಾಗಲೆಲ್ಲ ಶುಲ್ಕ ಕೊಡಬೇಕೆಂದು ಘೋಷಿಸಿತು. ಆಗಲೇ ಮಾರಾಟದಲ್ಲಿದ್ದ ಆಟಗಳೂ ಅದರ ವ್ಯಾಪ್ತಿಗೆ ಬರುತ್ತಿದ್ದವು. ಒಂದು ವರ್ಷದ ನಂತರ ಶುಲ್ಕ ಪೂರ್ತಿ ರದ್ದಾಯಿತು, ಆದರೆ ಹೋದ ನಂಬಿಕೆ ಮರಳಲಿಲ್ಲ. ಸ್ಲೇ ದ ಸ್ಪೈರ್ ತಯಾರಕರು ತಮ್ಮ ಎರಡನೆಯ ಆಟವನ್ನು ಗೊಡಾಟ್ ಎಂಬ ಮುಕ್ತ ಎಂಜಿನ್‌ಗೆ ಸ್ಥಳಾಂತರಿಸಿದರು. ಗೊಡಾಟ್ 2014ರಿಂದ ಮುಕ್ತ ತಂತ್ರಾಂಶ. ಅದರ ಪರವಾನಗಿಯಲ್ಲಿ ರಾತ್ರೋರಾತ್ರಿ ಶುಲ್ಕ ಹೇರುವ ಅವಕಾಶ ಯಾರಿಗೂ ಇಲ್ಲ. ಆಟಗಾರರಿಗೆ ಪ್ರೋಟಾನ್ ಕಲಿಸಿದ್ದನ್ನು ತಯಾರಕರಿಗೆ ಈ ಪ್ರಸಂಗ ಕಲಿಸಿತು.

ಸಂದೇಹಿ: ಮುಕ್ತ ತಂತ್ರಾಂಶಕ್ಕೆ ಬಾಗಿಲು ತೆರೆಯದ ಕಡೆಗಳೂ ಇರಬೇಕು.

ಲಿನಕ್ಸಿಗ: ಇವೆ. ಎಎಂಡಿ ಗ್ರಾಫಿಕ್ಸ್ ಕಾರ್ಡ್‌ಗಳ ಮುಕ್ತ ಡ್ರೈವರ್‌ಗೆ ಎಚ್‌ಡಿಎಂಐ 2.1 ಸೌಲಭ್ಯ ಸೇರಿಸುವ ಪ್ರಸ್ತಾಪವನ್ನು ಆ ಮಾನಕದ ಒಡೆತನವಿರುವ ವೇದಿಕೆ ತಿರಸ್ಕರಿಸಿತೆಂದು 2024ರ ಫೆಬ್ರವರಿಯಲ್ಲಿ ತಿಳಿದುಬಂತು. ಕಾರ್ಡ್‌ನಲ್ಲಿ ಶಕ್ತಿಯಿದೆ, ಟಿವಿಯಲ್ಲಿ ಶಕ್ತಿಯಿದೆ, ನಡುವಿನ ತಂತಿಯ ಭಾಷೆಯನ್ನು ಬಹಿರಂಗವಾಗಿ ಬರೆಯುವಂತಿಲ್ಲ.

ಸಂದೇಹಿ: ಕಡೆಯ ಆಕ್ಷೇಪ. ವಿಂಡೋಸ್‌ನ ಯಜಮಾನಿಕೆಯಿಂದ ತಪ್ಪಿಸಿಕೊಂಡೆವೆನ್ನುವ ಲಿನಕ್ಸ್ ಆಟಗಾರರು ವಾಲ್ವ್ ಎಂಬ ಇನ್ನೊಂದು ಕಂಪನಿಯ ನೆರಳಿನಲ್ಲಿದ್ದಾರೆ. ಅದು ಪ್ರತಿ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 30 ಪಾಲು ಪಡೆಯುತ್ತದೆ. ಕೌಂಟರ್-ಸ್ಟ್ರೈಕ್‌ನಲ್ಲಿ ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಗಳಿಗೆ 2013ರಿಂದ ಬೀಗದ ಕೈ ಮಾರುತ್ತಿದೆ. ಈ ಬಗೆಯ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ಪರಿಗಣಿಸಿತು. ಸ್ಟೀಮ್‌ನಲ್ಲಿ ಕೊಂಡದ್ದೂ ಪರವಾನಗಿಯೇ.

ಲಿನಕ್ಸಿಗ: ಈ ಆಕ್ಷೇಪದ ಒಂದೊಂದು ಮಾತೂ ನಿಜ. ವಾಲ್ವ್ ಲಿನಕ್ಸ್‌ಗೆ ದುಡಿದದ್ದು ತನ್ನ ಅಂಗಡಿಯ ಸುರಕ್ಷತೆಗಾಗಿ. ಹಾಗಿದ್ದರೂ ಅದು ಕೊಟ್ಟದ್ದನ್ನೂ ಮಾರಿದ್ದನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಪ್ರೋಟಾನ್, ವೈನ್, ಡಿಎಕ್ಸ್‌ವಿಕೆಗಳ ಕೋಡ್ ಎಲ್ಲರಿಗೂ ತೆರೆದಿದೆ. ಸ್ಟೀಮ್ ಬಿಟ್ಟು ಬೇರೆ ಅಂಗಡಿಯಲ್ಲಿ ಕೊಂಡ ಆಟಗಳನ್ನೂ ಅದೇ ದುಭಾಷಿಯ ಮೂಲಕ ಆಡುವವರಿದ್ದಾರೆ. ನಾಳೆ ವಾಲ್ವ್ ಇಲ್ಲವಾದರೆ ಆ ಕೋಡ್ ಇರುತ್ತದೆ; ಸ್ಟೀಮ್‌ನಲ್ಲಿ ಕೊಂಡ ಆಟಗಳು ಇರುವ ಖಾತ್ರಿ ಇಲ್ಲ. ವಿಂಡೋಸ್ ಆಟಗಾರರ ಸ್ಥಿತಿಗೂ ಲಿನಕ್ಸ್ ಆಟಗಾರರ ಸ್ಥಿತಿಗೂ ಇರುವ ವ್ಯತ್ಯಾಸ ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ: ಯಂತ್ರ ಸ್ವಂತದ್ದು, ಆಟ ಇನ್ನೂ ಬಾಡಿಗೆಯದ್ದು.

ಸಂದೇಹಿ: ಆಟವೂ ಸ್ವಂತದ್ದಾಗುವುದು ಸಾಧ್ಯವೇ?

ಲಿನಕ್ಸಿಗ: ಸಾಧ್ಯವೆಂದು ತೋರಿಸಿದ ಆಟವೊಂದಿದೆ. ಐಡಿ ಸಾಫ್ಟ್‌ವೇರ್ 1993ರಲ್ಲಿ ಡೂಮ್ ಹೊರತಂದಿತು. 1997ರ ಡಿಸೆಂಬರಿನಲ್ಲಿ ಜಾನ್ ಕಾರ್ಮ್ಯಾಕ್ ಅದರ ಮೂಲ ಕೋಡನ್ನು ಬಿಡುಗಡೆ ಮಾಡಿದರು. ಸದ್ದಿನ ಭಾಗದ ಹಕ್ಕು ಬೇರೆಯವರದಾಗಿದ್ದರಿಂದ ಬಿಡುಗಡೆಯಾದದ್ದು ಲಿನಕ್ಸ್ ಆವೃತ್ತಿಯ ಕೋಡ್. ಚಿತ್ರ, ನಕ್ಷೆ, ಸಂಗೀತ ಕಂಪನಿಯ ಬಳಿಯೇ ಉಳಿದವು, ಇಂದಿಗೂ ಮಾರಾಟವಾಗುತ್ತವೆ. ಕೋಡ್ ಮಾತ್ರ ಯಾವ ಹೊಸ ಯಂತ್ರ ಬಂದರೂ ಅದಕ್ಕೆ ಹೊಂದಿಕೊಳ್ಳುತ್ತ ಬಂದಿದೆ. 1993ರ ಡೂಮ್ ತಯಾರಕರ ಅನುಮತಿಯಿಂದ ಈಗಲೂ ನಡೆಯುತ್ತಿದೆ, 2014ರ ದಿ ಕ್ರೂ ತಯಾರಕರ ಅನುಮತಿಯಿಲ್ಲದೆ ನಡೆಯಬೇಕಾಗಿದೆ.